ಗೆದ್ದ ಮೇಲೆ ಚಪ್ಪಾಳೆ, ಬಿದ್ದಾಗ ಎಲ್ಲಿದ್ದಿರಿ?

'ಪ್ರತಿಭೆ ಇದ್ದರೆ ಇವತ್ತಲ್ಲ ನಾಳೆ ಗೆದ್ದೇ ಗೆಲ್ಲುತ್ತದೆ.' ತರಗತಿಯಲ್ಲಿ ನಾವು ಮೇಷ್ಟ್ರುಗಳೇ ನೂರು ಸಲ ಹೇಳುವ ಮಾತಿದು. ಇಂಗ್ಲೆಂಡಿನ ಸ್ಲೋಡೈವ್ ಬ್ಯಾಂಡಿನ ಕಥೆ ಹೇಳುವವರೂ ಇದೇ ನೀತಿ ಹೇಳಿ ಮುಗಿಸುತ್ತಾರೆ. ಈ ನೀತಿಯನ್ನು ನಾವು ಒಪ್ಪುವುದಿಲ್ಲ.

ರೆಡಿಂಗ್ ಊರಿನ ನೀಲ್ ಹಾಲ್‌ಸ್ಟೆಡ್, ರೇಚೆಲ್ ಗಾಸ್ವೆಲ್ ಬಾಲ್ಯದ ಗೆಳೆಯರು. ಬ್ಯಾಂಡ್ ಶುರುವಾದದ್ದು 1989ರಲ್ಲಿ. ಗಿಟಾರಿನ ದನಿಯನ್ನು ಪೆಡಲುಗಳಲ್ಲಿ ಹಾಯಿಸಿ, ಪ್ರತಿಧ್ವನಿಯ ಮೇಲೆ ಪ್ರತಿಧ್ವನಿ ಪೇರಿಸಿ, ಅದರೊಳಗೆ ಮೆಲ್ಲಗೆ ಹಾಡುವುದು ಇವರ ರೀತಿ. ಪೆಡಲು ಇರುವುದು ಕಾಲ ಬಳಿ. ನುಡಿಸುವವರು ತಲೆ ತಗ್ಗಿಸಲೇಬೇಕು. ಅಷ್ಟಕ್ಕೇ ಅಲ್ಲಿನ ಪತ್ರಿಕೆಗಳು ಈ ಬಗೆಯ ಸಂಗೀತಕ್ಕೆ 'ಶೂಗೇಜ್', ಅಂದರೆ ಬೂಟು ನೋಡುವುದು, ಅಂತ ಅಡ್ಡಹೆಸರಿಟ್ಟು ನಕ್ಕವು.

1993ರಲ್ಲಿ 'ಸೂವ್ಲಾಕಿ' ಆಲ್ಬಮ್ ಬಂತು. ಬೈದರು. 1995ರಲ್ಲಿ 'ಪಿಗ್ಮೇಲಿಯನ್' ಬಂದ ಕೆಲವೇ ದಿನಗಳಲ್ಲಿ ಕ್ರಿಯೇಷನ್ ಕಂಪನಿ ಇವರನ್ನು ಕೈಬಿಟ್ಟಿತು. ಸ್ವತಂತ್ರ ಕಂಪನಿ ಅಂತ ಹೆಸರು. ಆದರೆ 1992ರಲ್ಲೇ ಸುಮಾರು ಅರ್ಧ ಪಾಲು ಸೋನಿಗೆ ಮಾರಾಟವಾಗಿತ್ತು. ಓಯಸಿಸ್‌ನಂಥ ಗೆಲ್ಲುವ ಕುದುರೆ ಕೈಯಲ್ಲಿದ್ದಾಗ ತಲೆ ತಗ್ಗಿಸಿ ನಿಂತವರು ಯಾರಿಗೆ ಬೇಕು?

ಮುಂದಿನ ಆಲ್ಬಮ್ ಬಂದದ್ದು 2017ರಲ್ಲಿ. ನಡುವೆ 22 ವರ್ಷ! ನೀಲ್, ರೇಚೆಲ್ ಮೊಹಾವಿ 3 ಎಂಬ ಬೇರೆ ಬ್ಯಾಂಡ್ ಕಟ್ಟಿ ಹಾಡಿದರು, ನಿಜ. ಆದರೆ ಸ್ಲೋಡೈವ್ 2014ರವರೆಗೆ ವೇದಿಕೆ ಹತ್ತಲಿಲ್ಲ. 2023ರ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂತು. 'ಸೂವ್ಲಾಕಿ'ಯನ್ನು ಈಗ ಮೇರುಕೃತಿ ಅನ್ನುತ್ತಾರೆ. ಅದೇ ಹಾಡುಗಳು, ಒಂದು ಸ್ವರವೂ ಬದಲಾಗಿಲ್ಲ. ಬದಲಾದದ್ದು ಕಿವಿ.

ಹಾಗಾದರೆ ಗೆದ್ದದ್ದು ಪ್ರತಿಭೆಯೇ? ಕೈಯಿಂದ ಕೈಗೆ ದಾಟಿಸಿ ಆ ಹಾಡುಗಳನ್ನು ಉಳಿಸಿದ ಕೇಳುಗರು ಇಲ್ಲದಿದ್ದರೆ ಪ್ರತಿಭೆ ಏನು ಮಾಡುತ್ತಿತ್ತು? ಹಾಗೆ ಯಾರೂ ಉಳಿಸದೆ ಹೋದವರ ಹೆಸರು ನಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಈ ನೀತಿ ಯಾವಾಗಲೂ ನಿಜದ ಹಾಗೆ ಕಾಣುತ್ತದೆ! ತಪ್ಪು ತೀರ್ಪು ಕೊಟ್ಟವರಿಗೆ ಇದರಷ್ಟು ಅನುಕೂಲದ ನೀತಿ ಬೇರೊಂದಿಲ್ಲ. ಕಳೆದ 22 ವರ್ಷಕ್ಕೆ ಯಾರೂ ಉತ್ತರ ಹೇಳಬೇಕಾಗಿಲ್ಲ.

'ಇನ್ನೆಷ್ಟು ದಿನ ನಿಮ್ಮ ಕನ್ನಡ ಶಾಲೆ' ಅಂತ ಕೇಳಿಸಿಕೊಳ್ಳುವ ನಮಗೆ ಇಂಥ ತೀರ್ಪು ಹೊಸದಲ್ಲ. ಆದರೆ ಮಾರ್ಕು ಹಾಕುವ ಕೆಂಪು ಪೆನ್ನು ನಮ್ಮ ಕೈಯಲ್ಲೂ ಇದೆ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಮಗುವಿಗೆ ಅಡ್ಡಹೆಸರಿಡುವ ಮೊದಲು, ಅದು ಏನು ಮಾಡುತ್ತಿದೆ ಅಂತ ಹತ್ತಿರ ಹೋಗಿ ನೋಡೋಣ.