ಹಾರುವವರೇ, ಬರುವ ವೇಳೆ ಹೇಳಬೇಡಿ

ನಮ್ಮ ಸದಸ್ಯರಲ್ಲೂ ಖಾಸಗಿ ಪೈಲಟ್ ಲೈಸೆನ್ಸ್ ಪಡೆದವರಿದ್ದಾರೆ. ಸಂತೋಷವೇ. ಆದರೆ ಮನೆಮಂದಿಯನ್ನು ಕೂರಿಸಿಕೊಂಡು ದೂರದ ಊರಿಗೆ ಹೊರಡುವಾಗ ಅವರಲ್ಲಿ ಕೆಲವರು ಮಾಡುವ "ಪ್ಲಾನಿಂಗ್" ಬಗ್ಗೆ ನನ್ನ ತಕರಾರಿದೆ. ಐಪ್ಯಾಡ್‌ನಲ್ಲಿ ಎರಡು ಊರುಗಳ ನಡುವೆ ನೇರ ಗೆರೆ ಎಳೆದು, "ಹನ್ನೆರಡೂವರೆಗೆ ಊಟಕ್ಕಿರ್ತೀವಿ" ಎಂದು ಆತಿಥೇಯರಿಗೆ ಫೋನ್ ಮಾಡಿದರೆ ಮುಗಿಯಿತೇ?

ಅಮೆರಿಕದ ವಿಮಾನಯಾನ ನಿಯಮ 91.103 ಹಾಗೆ ಹೇಳುವುದಿಲ್ಲ. ಹವಾಮಾನ, ಬೇಕಾಗುವ ಇಂಧನ, ಅಂದುಕೊಂಡಂತೆ ಹೋಗಲಾಗದಿದ್ದರೆ ಬೇರೆ ದಾರಿ ಏನು ಎಂಬುದನ್ನು ಹೊರಡುವ ಮೊದಲೇ ತಿಳಿದಿರಬೇಕು. ಈ ಮೂರನೆಯದೇ ಯೋಜನೆಯ ಜೀವಾಳ. ನಮ್ಮವರು ಮರೆಯುವುದೂ ಅದನ್ನೇ. ಇಂಧನದಲ್ಲಿ ಹಗಲಿಗೆ 30 ನಿಮಿಷ, ರಾತ್ರಿಗೆ 45 ನಿಮಿಷದಷ್ಟು ಹೆಚ್ಚಿಗೆ ಇರಬೇಕೆನ್ನುವುದು ಕನಿಷ್ಠ ಮಾತ್ರ. ಎದುರುಗಾಳಿ ಅದನ್ನು ಸುಲಭವಾಗಿ ನುಂಗುತ್ತದೆ. ಇನ್ನು ತೂಕ: ಸೆಸ್ನಾ 172ರಲ್ಲಿ ನಾಲ್ಕು ಸೀಟಿದೆ ಎಂದರೆ ನಾಲ್ವರು ದೊಡ್ಡವರು, ತುಂಬಿದ ಟ್ಯಾಂಕು, ಚಕ್ಕಲಿ ಡಬ್ಬ ಎಲ್ಲವನ್ನೂ ಅದು ಹೊರುತ್ತದೆ ಎಂದಲ್ಲ. ಇಂಧನದ ಒಂದೊಂದು ಗ್ಯಾಲನ್ ಆರು ಪೌಂಡ್ ತೂಗುತ್ತದೆ.

"ಹೊರಗೆ ನೋಡಿಕೊಂಡು ಹಾರುವವರಿಗೆ ಫ್ಲೈಟ್ ಪ್ಲಾನ್ ಸಲ್ಲಿಸುವುದು ಕಡ್ಡಾಯವಲ್ಲ" ಎಂಬ ವಾದ ಕೇಳಿದ್ದೇನೆ. ನಿಜ. ಆದರೆ ಅದಕ್ಕೆ ಕಾಸು ಖರ್ಚಿಲ್ಲ. ಸಲ್ಲಿಸಿದ ಪ್ಲಾನನ್ನು ತಲುಪುವ ವೇಳೆ ಮೀರಿ ಅರ್ಧ ಗಂಟೆಯಾದರೂ ಮುಕ್ತಾಯಗೊಳಿಸದಿದ್ದರೆ ನಿಮ್ಮನ್ನು ಹುಡುಕಲು ಶುರುಮಾಡುತ್ತಾರೆ. ಸಲ್ಲಿಸದಿದ್ದರೆ? ಊಟಕ್ಕೆ ಕಾದವರು ಗಾಬರಿಯಾಗುವವರೆಗೆ ಯಾರಿಗೂ ಗೊತ್ತಾಗದಿರಬಹುದು.

1996ರ ಏಪ್ರಿಲ್ 11ರಂದು ವಯೋಮಿಂಗ್‌ನ ಷಾಯೆನ್‌ನಲ್ಲಿ ಏಳು ವರ್ಷದ ಜೆಸಿಕಾ ಡುಬ್ರೋಫ್, ಅವಳ ತಂದೆ, ಜೊತೆಗಿದ್ದ ಪೈಲಟ್ ಶಿಕ್ಷಕ ಮೂವರೂ ಸತ್ತರು. ಗುಡುಗು ಮಳೆ ಬರುತ್ತಿತ್ತು, ವಿಮಾನದಲ್ಲಿ ಮಿತಿಮೀರಿದ ತೂಕವಿತ್ತು, ಎತ್ತರದ ಊರಿನ ಗಾಳಿ ತೆಳು. ಆದರೂ ಹೊರಟರು. ಅತಿಯಾಸೆಯ ವೇಳಾಪಟ್ಟಿ, ಅದರ ಹಿಂದೆ ಮಾಧ್ಯಮದವರಿಗೆ ಕೊಟ್ಟ ಮಾತು, ಇವೂ ಕಾರಣವೆಂದು ತನಿಖೆ ಹೇಳಿತು.

ನಮ್ಮನ್ನು ಯಾವ ಟಿವಿಯವರೂ ಕಾಯುವುದಿಲ್ಲ ಎನ್ನುತ್ತೀರಾ? ಬಿಸಿಬೇಳೆಬಾತ್ ಮಾಡಿಟ್ಟ ಅತ್ತಿಗೆ ಕಾಯುತ್ತಾರೆ, ಎರಡು ಗಂಟೆಗೆ ಮಗಳ ಭರತನಾಟ್ಯ ಇರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸೋಮವಾರದ ಆಫೀಸು. ಭಾನುವಾರ ಸಂಜೆ ಮೋಡ ನೋಡಿಯೂ ಹೊರಡಿಸುವುದು ಅದೇ.

ಪೈಲಟ್ ಮಹಾಶಯರೇ, ದಾರಿಯಲ್ಲಿ ಇಳಿಯಬಹುದಾದ ಎರಡು ನಿಲ್ದಾಣಗಳ ಹೆಸರನ್ನು ಹಿಂದಿನ ದಿನವೇ ಮನೆಯವರಿಗೆ ಬರೆದುಕೊಡಿ. ಮನೆಯವರೇ, ಆ ಚೀಟಿ ಕೈಗೆ ಬರುವವರೆಗೆ ಕಾರಿನಿಂದ ಇಳಿಯಬೇಡಿ. ಸಂಘದ ಕಾರ್ಯಕ್ರಮ ಸಮಿತಿಯವರಿಗೂ ಒಂದು ಮಾತು: ಹಾರಿ ಬರುವವರ ಮಕ್ಕಳ ನೃತ್ಯವನ್ನು ಮೊದಲಿಗೆ ಹಾಕಬೇಡಿ. ಊಟವನ್ನೂ ಅವರಿಗಾಗಿ ಕಾಯಿಸಬೇಡಿ.