ಕಿಡ್ನಿ ಕೆಟ್ಟ ಬೆಕ್ಕಿಗೆ ಹಾಲು-ರೊಟ್ಟಿ ಪಥ್ಯ ಒಳ್ಳೆಯದೇ?

“ಬೆಕ್ಕಿಗೆ ವಯಸ್ಸಾಗಿದೆಯೇ? ಕಿಡ್ನಿ, ಸಕ್ಕರೆ ಕಾಯಿಲೆ ಇದೆಯೇ? ಮಾಂಸ ನಿಲ್ಲಿಸಿ, ಹಾಲು-ರೊಟ್ಟಿ ಅಥವಾ ಮೊಸರನ್ನ ಕೊಡಿ, ಎರಡು ದಿನ ಉಪವಾಸ ಹಾಕಿ.” ಇಂಥ ಸಲಹೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ ಕಡೆ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ತಿಂದೇ ಬೆಳೆದ ಬೆಕ್ಕುಗಳನ್ನು ಎಲ್ಲರೂ ಕಂಡಿದ್ದೇವೆ. ಅವು ಗಟ್ಟಿಮುಟ್ಟಾಗಿಯೇ ಇದ್ದವಲ್ಲ ಎಂದು ಕೇಳಬಹುದು. ನಿಜ, ಆದರೆ ಕಾಳಿನ ಚೀಲಗಳ ಸಂದಿಯಲ್ಲಿ ಅವು ಇಲಿಯನ್ನೂ ಹಿಡಿಯುತ್ತಿದ್ದವು. ನಾವು ಹಾಕಿದ್ದು ರೊಟ್ಟಿ, ಅವುಗಳನ್ನು ಬದುಕಿಸಿದ್ದು ಇಲಿ! ಇಂದು ಬಾಗಿಲು ಮುಚ್ಚಿದ ಮನೆಯೊಳಗೇ ಇರುವ ಬೆಕ್ಕಿಗೆ ಆ ಇಲಿ ಸಿಗುವುದಿಲ್ಲ.

ಬೆಕ್ಕಿನ ದೇಹ ಮಾಂಸವನ್ನೇ ನಂಬಿಕೊಂಡಿದೆ. ಟಾರಿನ್ ಎಂಬ ಅಂಶವನ್ನು ಅದು ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಧಾನ್ಯದಲ್ಲಿ ಅದು ಇಲ್ಲವೇ ಇಲ್ಲ ಎನ್ನಬಹುದು. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ ಎಂದು 1975ರಲ್ಲಿ ತಿಳಿಯಿತು. ಹೃದಯವೂ ಹಿಗ್ಗಿ ದುರ್ಬಲವಾಗುತ್ತದೆ ಎಂದು 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆ ಬಳಿಕ ಪ್ಯಾಕೆಟ್ ಆಹಾರಗಳಲ್ಲಿ ಅದರ ಪ್ರಮಾಣ ಹೆಚ್ಚಿಸಲಾಯಿತು. ಮಾಂಸ ಬೇಯಿಸಿದಾಗ ಟಾರಿನ್ ನೀರಿಗೆ ಇಳಿಯುವುದರಿಂದ ಆ ನೀರನ್ನು ಚೆಲ್ಲಬಾರದು.

ಹಾಗಾದರೆ ಕಿಡ್ನಿ ಕಾಯಿಲೆಗೆ ಪಥ್ಯವೇ ಬೇಡವೇ? ಬೇಕು. ಅಲ್ಲಿ ಮುಖ್ಯವಾಗಿ ಕಡಿಮೆ ಮಾಡಬೇಕಾದದ್ದು ರಂಜಕ, ಅಂದರೆ ಫಾಸ್ಫರಸ್. ಮೂಳೆ ಮತ್ತು ಒಣಮೀನಿನಲ್ಲಿ ಅದು ಹೆಚ್ಚು, ಹಾಲಿನಲ್ಲೂ ಇದೆ. ಸಾಲದ್ದಕ್ಕೆ, ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಕಿಡ್ನಿ ಸೋತಾಗ ಭೇದಿಯಲ್ಲಿ ನೀರು ಕಳೆದುಕೊಳ್ಳುವುದು ಅಪಾಯ, ಅದರಲ್ಲೂ ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ. ಪ್ರೋಟೀನನ್ನು ವೈದ್ಯರು ಹೇಳಿದಷ್ಟೇ ಇಳಿಸಬೇಕು. ಪೂರ್ತಿ ನಿಲ್ಲಿಸಿದರೆ ಬೆಕ್ಕು ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ.

ಬೆಕ್ಕಿನ ಪೂರ್ವಜರು ಮರುಭೂಮಿಯ ಕಡೆಯವರು, ಹಾಗಾಗಿ ಅದಕ್ಕೆ ಬಾಯಾರಿಕೆ ಕಡಿಮೆ. ಒಣ ಆಹಾರದಲ್ಲಿ ನೀರು ಸುಮಾರು ಶೇ. 10, ಹಸಿ ಆಹಾರದಲ್ಲಿ ಶೇ. 75ರಷ್ಟು. ಕಿಡ್ನಿ ತೊಂದರೆ ಇರುವ ಬೆಕ್ಕಿಗೆ ಹಸಿ ಆಹಾರವನ್ನು ಸೂಚಿಸುವುದು ಇದಕ್ಕೇ. ಲಕ್ಷ್ಮೇಶ್ವರದಂಥ ಊರಿನಲ್ಲಿ ಕಿಡ್ನಿಗೆಂದೇ ಮಾಡಿದ ಪ್ಯಾಕೆಟ್ ಸಿಗದಿದ್ದರೆ, ಮನೆಯಲ್ಲೇ ಏನು ಬೇಯಿಸಬೇಕು, ಯಾವ ಪೂರಕ ಬೆರೆಸಬೇಕು ಎಂದು ಪಶುವೈದ್ಯರಿಂದ ಬರೆಸಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಮಾತ್ರ ಬೇಡವೇ ಬೇಡ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಸಕ್ಕರೆ ಕಾಯಿಲೆಯ ಪಥ್ಯ ಬೇರೆಯೇ. ಅಲ್ಲಿ ಇಳಿಸಬೇಕಾದದ್ದು ಪಿಷ್ಟ, ಅಂದರೆ ಅದೇ ರೊಟ್ಟಿ, ಅನ್ನ. ಪಿಷ್ಟ ಕಡಿಮೆ ಇರುವ ಆಹಾರ ಮತ್ತು ಇನ್ಸುಲಿನ್‌ನಿಂದ ಕೆಲವು ಬೆಕ್ಕುಗಳು ಇನ್ಸುಲಿನ್ ಇಲ್ಲದೆಯೂ ಇರಬಲ್ಲ ಸ್ಥಿತಿಗೆ ಬರುತ್ತವೆ. ಆದರೆ ಇನ್ಸುಲಿನ್ ನಡೆಯುತ್ತಿರುವಾಗ ನೀವೇ ಆಹಾರ ಬದಲಿಸಿದರೆ ಸಕ್ಕರೆ ದಿಢೀರ್ ಕುಸಿಯಬಹುದು. ಹೆಚ್ಚು ನೀರು ಕುಡಿಯುವುದು, ಹೆಚ್ಚು ಮೂತ್ರ, ತೂಕ ಇಳಿಯುವುದು, ಇವು ಎರಡೂ ಕಾಯಿಲೆಗಳ ಲಕ್ಷಣ. ರಕ್ತ, ಮೂತ್ರ ಪರೀಕ್ಷಿಸದೆ ಯಾವ ಪಥ್ಯ ಎಂದು ಹೇಳುವುದಾದರೂ ಹೇಗೆ?

ಇನ್ನು ಉಪವಾಸ. ಮನುಷ್ಯರಿಗೆ ‘ಲಂಘನಂ ಪರಮೌಷಧಂ’ ಎನ್ನುತ್ತಾರೆ, ಬೆಕ್ಕಿಗೆ ಅದು ಸಲ್ಲದು. ಕೆಲವೇ ದಿನ ತಿನ್ನದಿದ್ದರೂ, ಅದರಲ್ಲೂ ದಪ್ಪ ಬೆಕ್ಕುಗಳಲ್ಲಿ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತು ಬರುತ್ತದೆ. ಹೊಸ ಆಹಾರವನ್ನು ಹಳೆಯದರ ಜೊತೆ ಬೆರೆಸುತ್ತಾ ವಾರ-ಹತ್ತು ದಿನದಲ್ಲಿ ರೂಢಿ ಮಾಡಿಸಿ. ಗಂಡು ಬೆಕ್ಕು ಮೂತ್ರಕ್ಕೆ ಕುಳಿತು ತಿಣುಕುತ್ತಿದ್ದು ಹನಿಯೂ ಬರದಿದ್ದರೆ ಪಥ್ಯದ ಮಾತು ಬಿಟ್ಟು ಆಗಲೇ ಪಶು ಆಸ್ಪತ್ರೆಗೆ ಒಯ್ಯಿರಿ, ಬೆಳಗಿನವರೆಗೆ ಕಾಯಬೇಡಿ.