ಹಕ್ಕಿ ಹೆಚ್ಚಿತೋ, ಗದ್ದೆ ಕಡಿಮೆಯಾಯಿತೋ?

ಕಳೆದ ಜೂನ್ ತಿಂಗಳ ಕೊನೆಯ ವಾರ, ಮಳೆ ಎರಡು ದಿನ ಬಿಡುವು ಕೊಟ್ಟಿದ್ದ ಒಂದು ಬೆಳಿಗ್ಗೆ, ಸಿದ್ದಾಪುರ ತಾಲೂಕಿನ ಹಳ್ಳಿಯೊಂದರಿಂದ ರೈತರೊಬ್ಬರು ದೂರವಾಣಿ ಮಾಡಿ ಅಗೆಮಡಿ ನೋಡಲು ಬರಬೇಕೆಂದರು. ಸಸಿಗೆ ರೋಗ ತಗುಲಿರಬಹುದೆಂದು ಭಾವಿಸಿ ಹೋದೆ. ಅಗೆಗೆ ಯಾವ ರೋಗವೂ ಇರಲಿಲ್ಲ. ಪಕ್ಕದವರ ಮಡಿಯ ಅಂಚಿನಲ್ಲಿ ಎರಡು ಹೆಣ್ಣು ನವಿಲು, ಒಂದು ಕೆಂಬೂತ ಮತ್ತು ನಾಲ್ಕಾರು ಪಾರಿವಾಳಗಳು ಸತ್ತು ಬಿದ್ದಿದ್ದವು. ಸುತ್ತ ಚೆಲ್ಲಿದ್ದ ಭತ್ತದ ಕಾಳಿನ ಬಣ್ಣವೇ ಬೇರೆಯಾಗಿತ್ತು. ಅರಣ್ಯ ಸಿಬ್ಬಂದಿ ಬಂದು ಪಂಚನಾಮೆ ಮಾಡಿಕೊಂಡು ಹೋದರು. ನನ್ನನ್ನು ಕರೆಸಿದವರು ಆಗ ಹೇಳಿದ ಮಾತು ಇದು: “ವಿಷ ಹಾಕಿದ್ದು ತಪ್ಪೇ ಸರ್. ಆದರೆ ಅವರು ಮೂರು ಸಲ ಬಿತ್ತಿದ್ದಾರೆ. ನಾಲ್ಕನೇ ಸಲಕ್ಕೆ ಬೀಜ ಎಲ್ಲಿಂದ ತರೋದು, ನೀವೇ ಹೇಳಿ.”

ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟು ಪಡೆದವನೆಂಬ ಹೆಮ್ಮೆಯಿಂದ ತಿರುಗಾಡುವ ನನ್ನಲ್ಲಿ ಆ ಕ್ಷಣಕ್ಕೆ ಉತ್ತರವಿರಲಿಲ್ಲ. ಈ ಲೇಖನ ತಡವಾಗಿ ಹೊಳೆದ ಉತ್ತರ. ಅದು ವಿಷ ಹಾಕಿದವರಿಗಿಂತ ಹೆಚ್ಚಾಗಿ, ಪರಿಸರ ಪರಿಸರ ಎನ್ನುತ್ತಿರುವ ನಮಗೇ ಕಹಿಯಾಗಬಹುದು.

ಮೊದಲು ಕೋವಿ ಕೇಳುವವರ ಮಾತನ್ನು ಪರಿಶೀಲಿಸೋಣ. “ನವಿಲನ್ನು ಪೀಡೆಯೆಂದು ಘೋಷಿಸಿ, ಹೊಡೆಯಲು ಅನುಮತಿ ಕೊಡಿ” ಎಂಬ ಬೇಡಿಕೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ರೈತಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ನೆರೆಯ ಗೋವೆಯಲ್ಲಿ 2016ರಲ್ಲಿ ಕೃಷಿ ಸಚಿವರೇ ನವಿಲನ್ನೂ ಕಾಡುಕೋಣವನ್ನೂ ಉಪದ್ರವಕಾರಿ ಪಟ್ಟಿಗೆ ಸೇರಿಸುವ ಪ್ರಸ್ತಾಪ ಮಾಡಿದ್ದರು. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ. ಆ ಅನುಸೂಚಿಯ ಪ್ರಾಣಿಯನ್ನು ಪೀಡೆಯೆಂದು ಘೋಷಿಸಲು ಕಾಯಿದೆಯಲ್ಲಿ ದಾರಿಯೇ ಇಲ್ಲ. ಬೆಳೆಹಾನಿ ಎಂಬ ಕಾರಣಕ್ಕೆ ಅದನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರೂ ಅನುಮತಿ ಕೊಡಲಾರರು. ಕೊಂದವರಿಗೆ 3ರಿಂದ 7 ವರ್ಷಗಳ ಸೆರೆವಾಸ. ಇದನ್ನೆಲ್ಲ ಬಲ್ಲ ಮುಖಂಡರು ವೇದಿಕೆಯ ಮೇಲೆ ಕೋವಿಯ ಮಾತಾಡಿ ಚಪ್ಪಾಳೆ ಗಿಟ್ಟಿಸುತ್ತಾರೆ. ಸೆರೆಮನೆಗೆ ಹೋಗಬೇಕಾದವನು ಎರಡು ಎಕರೆಯ ಬಡರೈತ.

ಕಾಗೆಯ ಕಥೆ ಇನ್ನೂ ವಿಚಿತ್ರ. ಐದು ದಶಕಗಳ ಕಾಲ ಅದು ಇಲಿ, ಹೆಗ್ಗಣ, ಬಾವಲಿಗಳ ಜೊತೆ ಐದನೆಯ ಅನುಸೂಚಿಯಲ್ಲಿ ‘ಪೀಡೆ’ಯಾಗಿತ್ತು, ಯಾರು ಬೇಕಾದರೂ ಕೊಲ್ಲಬಹುದಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಆ ಅನುಸೂಚಿಯೇ ಹೋಯಿತು. ಪಿತೃಪಕ್ಷದಲ್ಲಿ ಪಿಂಡವಿಟ್ಟು ಕೈಮುಗಿದು ಕಾಗೆಯನ್ನು ಕರೆಯುವ ನಾವು, ಉಳಿದ ದಿನಗಳಲ್ಲಿ ಅದನ್ನು ಕವಣೆಕಲ್ಲಿನಿಂದ ಹೊಡೆಯುತ್ತಿದ್ದೆವು. ಐವತ್ತು ವರ್ಷ ಹೊಡೆದರೂ ಕಾಗೆ ಕಡಿಮೆಯಾಗಲಿಲ್ಲ ಎಂಬುದನ್ನು ಕೋವಿ ಕೇಳುವವರು ಗಮನಿಸಬೇಕು. ಊರಿನ ಕಸ, ಮೀನಿನ ತ್ಯಾಜ್ಯ, ಕೋಳಿ ಅಂಗಡಿಯ ಹಿತ್ತಿಲು ಇರುವವರೆಗೆ ಒಂದು ಸತ್ತ ಜಾಗಕ್ಕೆ ಇನ್ನೊಂದು ಬರುತ್ತದೆ.

ಹಕ್ಕಿಯ ಮೇಲೆ ಯುದ್ಧ ಸಾರಿದ ದೊಡ್ಡ ಪ್ರಯೋಗ ಚೀನಾದಲ್ಲಿ ನಡೆಯಿತು. 1958ರಲ್ಲಿ ಇಲಿ, ನೊಣ, ಸೊಳ್ಳೆಗಳ ಜೊತೆ ಗುಬ್ಬಚ್ಚಿಯನ್ನೂ ‘ನಾಲ್ಕು ಪೀಡೆ’ಗಳಲ್ಲಿ ಸೇರಿಸಲಾಯಿತು. ಊರಿಗೆ ಊರೇ ತಪ್ಪಲೆ, ಜಾಗಟೆ ಬಡಿದು, ಕೂರಲು ಬಿಡದೆ ಹಾರಿಸಿ ಹಾರಿಸಿ ಗುಬ್ಬಿಗಳನ್ನು ಕೆಡವಿತು. ಸತ್ತ ಗುಬ್ಬಿಗಳ ಹೊಟ್ಟೆ ಸೀಳಿ ನೋಡಿದ ಅಲ್ಲಿಯ ವಿಜ್ಞಾನಿಗಳು, ಅವು ಕಾಳಿನ ಜೊತೆ ಅಪಾರ ಕೀಟಗಳನ್ನೂ ತಿನ್ನುತ್ತಿದ್ದವೆಂದು ತೋರಿಸಿದ ಮೇಲೆ, 1960ರಲ್ಲಿ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ತಿಗಣೆಯನ್ನು ಸೇರಿಸಿದರು. ಅಷ್ಟರಲ್ಲಿ ಮಿಡತೆ ಹೊಲಕ್ಕಿಳಿದಿತ್ತು. ಅದೇ ವರ್ಷಗಳ ಭೀಕರ ಕ್ಷಾಮಕ್ಕೆ ಸರ್ಕಾರದ ನೀತಿಗಳೇ ಮೂಲ ಕಾರಣ. ಗುಬ್ಬಿಗಳ ಹತ್ಯೆ ಅದಕ್ಕೆ ತನ್ನ ಪಾಲು ಸೇರಿಸಿತು.

ಬ್ರಿಟನ್ನಿನಲ್ಲಿ ಆರೋಪಿಯ ಸ್ಥಾನದಲ್ಲಿರುವುದು ಮ್ಯಾಗ್‌ಪೈ ಎಂಬ ಕಪ್ಪುಬಿಳುಪಿನ ಉದ್ದಬಾಲದ ಹಕ್ಕಿ. ನಮ್ಮ ತೋಟ, ಹಿತ್ತಿಲುಗಳಲ್ಲಿ ಕರ್ಕಶವಾಗಿಯೂ ಇಂಪಾಗಿಯೂ ಕೂಗುವ ಮಟಪಕ್ಷಿ ಅದರ ಬಂಧು, ಎರಡೂ ಕಾಗೆಯ ಕುಲದವು. ಹಾಡುಹಕ್ಕಿಗಳ ಮೊಟ್ಟೆಮರಿ ತಿಂದು ಅವನ್ನು ನಿರ್ನಾಮ ಮಾಡುತ್ತಿದೆ ಎಂದು ಮ್ಯಾಗ್‌ಪೈಯನ್ನು ಬೋನಿಟ್ಟು ಹಿಡಿದು ಕೊಲ್ಲುತ್ತಾರೆ. ಅಲ್ಲಿನ ದಶಕಗಳ ಪಕ್ಷಿಗಣತಿಯನ್ನು ತೂಗಿನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಹುಪಾಲು ಹಾಡುಹಕ್ಕಿಗಳ ಇಳಿಕೆಗೆ ಮ್ಯಾಗ್‌ಪೈ ಕಾರಣವೆಂಬುದಕ್ಕೆ ಆಧಾರ ಕಾಣಲಿಲ್ಲ. ಬೇಲಿಸಾಲು ಕಿತ್ತು, ಕೀಟನಾಶಕ ಸುರಿದ ಬೇಸಾಯವೇ ಅಲ್ಲಿ ಹೊಲದ ಹಕ್ಕಿಗಳನ್ನು ಕಡಿಮೆ ಮಾಡಿತು. ತನ್ನ ಕೈ ಮಾಡಿದ್ದನ್ನು ಹಕ್ಕಿಯ ಕೊಕ್ಕಿಗೆ ಅಂಟಿಸುವ ಚಾಳಿ ಎಲ್ಲ ದೇಶಗಳಲ್ಲೂ ಇದೆ.

ಹಾಗಾದರೆ ನಮ್ಮ ಕೈ ಮಾಡಿದ್ದೇನು?

ನವಿಲು ಹೆಚ್ಚಿರುವುದು ಸುಳ್ಳಲ್ಲ. ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತ 2020 ಮತ್ತು 2023ರ ವರದಿಗಳೆರಡೂ ಅದನ್ನು ದೃಢಪಡಿಸಿವೆ. ನಾನು ಹುಡುಗನಾಗಿದ್ದ ಎಂಬತ್ತರ ದಶಕದಲ್ಲಿ ನವಿಲಿನ ಕೂಗು ಕೇಳಬೇಕಾದರೆ ಮುಂಡಗೋಡ, ಬನವಾಸಿಯ ಬಯಲಿಗೆ ಹೋಗಬೇಕಿತ್ತು. (ಮಯೂರಶರ್ಮನ ರಾಜಧಾನಿಯಲ್ಲಿ ನವಿಲು ಇರುವುದು ನ್ಯಾಯವೇ ಎಂದು ನಮ್ಮ ಮಾಸ್ತರರು ತಮಾಷೆ ಮಾಡುತ್ತಿದ್ದರು.) ಕತ್ತಲೆ ಕವಿದ ದಟ್ಟ ಕಾನು ನವಿಲಿಗೆ ಒಗ್ಗುವುದಿಲ್ಲ; ಅದಕ್ಕೆ ಬೇಕಾದದ್ದು ತೆರೆದ ಕುರುಚಲು, ಪಕ್ಕದಲ್ಲಿ ಹೊಲ. ಕೇರಳದಲ್ಲಿ ನವಿಲು ಹಬ್ಬುತ್ತಿರುವುದು ನಾಡು ಒಣಗುತ್ತಿರುವುದರ ಸೂಚನೆಯೆಂದು 2020ರ ಅಧ್ಯಯನವೊಂದು ಹೇಳಿದೆ. ನಮ್ಮಲ್ಲಿಯೂ ಕಾನು ಬೋಳಾಯಿತು, ಸೊಪ್ಪಿನ ಬೆಟ್ಟ ಸವರಿ ಸವರಿ ಕುರುಚಲಾಯಿತು, ಉಳಿದೆಡೆ ಅಕೇಶಿಯಾ ಬಂತು. 1983ರಲ್ಲಿ ಸಲ್ಕಣಿಯಲ್ಲಿ ಮರ ಅಪ್ಪಿಕೊಂಡ ನೆಲದಲ್ಲಿಯೇ ನವಿಲಿಗೆ ಬೇಕಾದ ಮನೆಯನ್ನು ನಾವು ಕಟ್ಟಿಕೊಟ್ಟೆವು.

ಆದರೆ ರೈತನ ಬೆನ್ನು ಮುರಿದದ್ದು ಹಕ್ಕಿಯ ಸಂಖ್ಯೆಯೊಂದೇ ಅಲ್ಲ. ಒಂದು ಸರಳ ಲೆಕ್ಕ ಮಾಡೋಣ. ಒಂದು ಬಯಲಿನಲ್ಲಿ 20 ಎಕರೆ ಗದ್ದೆ, ಅದಕ್ಕಿಳಿಯುವ ಹಕ್ಕಿ 40 ಎಂದುಕೊಳ್ಳಿ. ಎಕರೆಗೆ 2 ಹಕ್ಕಿ. ಅವು ತಿಂದದ್ದು ಯಾರ ಗಮನಕ್ಕೂ ಬರುವುದಿಲ್ಲ. ಅದೇ ಬಯಲಿನ 18 ಎಕರೆ ಅಡಿಕೆ ತೋಟವಾಗಿ, 2 ಎಕರೆ ಮಾತ್ರ ಗದ್ದೆಯಾಗಿ ಉಳಿದರೆ, ಒಂದೇ ಒಂದು ಹಕ್ಕಿ ಹೆಚ್ಚದಿದ್ದರೂ ಎಕರೆಗೆ 20 ಹಕ್ಕಿ. ಈ ಲೆಕ್ಕ ಕಾಲ್ಪನಿಕ. ಅದರ ಹಿಂದಿನ ನಿಯಮ ಮಾತ್ರ ಕೃಷಿಶಾಸ್ತ್ರದಲ್ಲಿ ಹಳೆಯದು: ಬೆಳೆ ಹೆಚ್ಚು ಜಾಗದಲ್ಲಿ, ಒಂದೇ ಕಾಲಕ್ಕೆ ಹಣ್ಣಾದರೆ ಹಕ್ಕಿಯ ಹಾನಿ ಹಂಚಿಹೋಗುತ್ತದೆ, ಒಂಟಿ ಗದ್ದೆಗೆ ಊರಿನ ಹಕ್ಕಿಯೆಲ್ಲ ಬರುತ್ತದೆ. ಮುಂಚೆ ಬಿತ್ತಿದವನೂ ತಡವಾಗಿ ಕೊಯ್ದವನೂ ಹೆಚ್ಚು ಕಳೆದುಕೊಳ್ಳುವುದು ಇದೇ ಕಾರಣಕ್ಕೆ.

ಗದ್ದೆಯನ್ನು ತೋಟ ಮಾಡಿದವರು ಯಾರು? ನಾವೇ. ಈ ವಾರ್ತಾಪತ್ರವನ್ನು ಓದುವವರಲ್ಲಿ ಬಹುತೇಕರು. ನನ್ನ ಮನೆಯ ಗದ್ದೆಯನ್ನೂ ಹನ್ನೆರಡು ವರ್ಷಗಳ ಹಿಂದೆ ಮಣ್ಣು ಏರಿಸಿ ಅಡಿಕೆ ಹಾಕಿದ್ದೇವೆ. ಅಂದು ನಾನು ವಿರೋಧಿಸಲಿಲ್ಲ. ಅಡಿಕೆಗೆ ಬೆಲೆ ಇತ್ತು, ಗದ್ದೆಗೆ ಆಳು ಇರಲಿಲ್ಲ. ಅದರ ಫಲವಾಗಿ ಕೆಳಗಿನ ಗದ್ದೆಯವರ ಪಾಲಿಗೆ ನಮ್ಮ ಪಾಲಿನ ಹಕ್ಕಿಗಳೂ ಹೋದವು. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಅನುಭವಿಸುವ ನಾವು, ಆ ಬೆಟ್ಟದಿಂದ ಇಳಿಯುವ ನವಿಲಿನ ಖರ್ಚನ್ನು ಬೆಟ್ಟವೇ ಇಲ್ಲದ ಗದ್ದೆಯವನ ತಲೆಗೆ ಕಟ್ಟಿದ್ದೇವೆ. ಆಮೇಲೆ ಅವನು ವಿಷ ಹಾಕಿದಾಗ ಖಂಡನಾ ಹೇಳಿಕೆ ಬರೆಯುತ್ತೇವೆ! ನಮ್ಮ ಸಂಘಟನೆಗಳು ಮಂಗಟ್ಟೆಗಾಗಿ, ಸಿಂಗಳೀಕಕ್ಕಾಗಿ ಸಲ್ಲಿಸಿದ ಮನವಿಗಳಿಗೆ ಲೆಕ್ಕವಿಲ್ಲ. ಅಗೆ ಕಳೆದುಕೊಂಡ ರೈತನ ಪರವಾಗಿ ಒಂದು ಮನವಿ ಬರೆದ ನೆನಪು ನನಗಿಲ್ಲ.

ವಿಷದ ಕುರಿತು ಒಂದು ಮಾತನ್ನು ಕಟುವಾಗಿಯೇ ಹೇಳಬೇಕು. ಕಾಳಿಗೆ ಬೆರೆಸಿದ ವಿಷ ನವಿಲನ್ನು ಗುರುತಿಸಿ ಕೊಲ್ಲುವುದಿಲ್ಲ. ಅಂದು ಸತ್ತ ಕೆಂಬೂತ ಕಾಳು ತಿನ್ನುವ ಹಕ್ಕಿಯೇ ಅಲ್ಲ, ಹುಳ, ಬಸವನಹುಳು, ಓತಿ ತಿನ್ನುವಂಥದು. ವಿಷ ತಿಂದು ಬಿದ್ದ ಹುಳವನ್ನೋ ಜಂತುವನ್ನೋ ಅದು ತಿಂದಿರಬೇಕು. ಅದೇ ನೀರು ಹಳ್ಳಕ್ಕೆ ಹೋಗುತ್ತದೆ, ಅದೇ ಹಾಳಿಯ ಮೇಲೆ ದನ ಮೇಯುತ್ತದೆ. ಫೊರೇಟ್ ಎಂಬ ಘೋರ ಹರಳುವಿಷದ ಮಾರಾಟ ದೇಶದಲ್ಲಿ 2020ರ ಡಿಸೆಂಬರ್ 31ಕ್ಕೆ ನಿಂತಿತು. ಕೊಟ್ಟಿಗೆಯ ಅಟ್ಟದಲ್ಲಿ ಹಳೆಯ ಡಬ್ಬ ಉಳಿದಿದ್ದರೆ ಅದು ಮಕ್ಕಳಿರುವ ಮನೆ ಎಂಬುದನ್ನು ನೆನಪಿಡಿ.

ಇನ್ನು ಆಗಬೇಕಾದ ಕೆಲಸ. ನವಿಲಿನ ಹಾನಿ ವರ್ಷವಿಡೀ ಇಲ್ಲ. ಬಿತ್ತಿದ ದಿನದಿಂದ ನಾಟಿಗೆ ಸಸಿ ಕೀಳುವವರೆಗಿನ ಮೂರು ವಾರ, ಆಮೇಲೆ ತೆನೆಯಲ್ಲಿ ಹಾಲು ತುಂಬುವ ಹೊತ್ತಿನಿಂದ ಕೊಯ್ಲಿನವರೆಗೆ. ನಡುವೆ ಸಸಿ ಅಲ್ಲಲ್ಲಿ ಹೋದರೂ ಭತ್ತ ತೆಂಡೆ ಒಡೆದು ಜಾಗ ತುಂಬಿಕೊಳ್ಳುತ್ತದೆ. ಹಾಲುಗಾಳು ಹೋದರೆ ಮಾತ್ರ ಹೋಯಿತು. ಆದ್ದರಿಂದ ಕಾವಲು ಬೇಕಾದದ್ದು ಕೆಲವೇ ವಾರ. ಊರಿನ ಗದ್ದೆಯವರೆಲ್ಲ ಒಂದೇ ವಾರದಲ್ಲಿ, ಮನೆಗಳ ಹತ್ತಿರದ ಒಂದೇ ಜಾಗದಲ್ಲಿ ಅಗೆ ಹಾಕಿದರೆ ಹತ್ತು ಕಡೆಯ ಬದಲು ಒಂದು ಕಡೆ ಕಾದರೆ ಸಾಕು. ಮೇಲೆ ದಪ್ಪ ದಾರದ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಬಹುದು. ತೆಳು ನೈಲಾನ್ ಬಲೆ ಸಡಿಲ ಬಿಟ್ಟರೆ ಹಕ್ಕಿಯೂ ಹಾವೂ ಸಿಕ್ಕಿ ಸಾಯುತ್ತವೆ, ಅದು ಬೇಡ. ಬೆರ್ಚಪ್ಪನನ್ನು ನಿಲ್ಲಿಸಿದರೆ ವಾರಕ್ಕೆರಡು ಸಲವಾದರೂ ಜಾಗ ಬದಲಿಸಬೇಕು. ಒಂದೇ ಕಡೆ ನಿಂತ ಬೆರ್ಚಪ್ಪನ ತಲೆಯ ಮೇಲೆ ಕಾಗೆ ಕುಳಿತದ್ದನ್ನು ಎಲ್ಲರೂ ನೋಡಿದ್ದೇವೆ. ನಾಟಿಯಾದ ಮೇಲೆ ಬಿದಿರಿನ ಕವಲು ಕಡ್ಡಿ ನೆಟ್ಟರೆ ಕಾಜಾಣ ಕುಳಿತು ಹುಳ ಹಿಡಿಯುತ್ತದೆ, ಅದೂ ಹಕ್ಕಿಯೇ. ಆದರೆ ತೆನೆ ಬರುವಾಗ ಆ ಕಡ್ಡಿ ಕಿತ್ತುಬಿಡಿ, ಇಲ್ಲದಿದ್ದರೆ ಗಿಳಿಗೆ ನೀವೇ ಪೀಠ ಹಾಕಿಕೊಟ್ಟಂತೆ.

ಕಾಯುವವರ ಕೂಲಿ ಯಾರು ಕೊಡಬೇಕು ಎಂಬುದೇ ನಿಜವಾದ ಪ್ರಶ್ನೆ. ಪರಿಹಾರದ ಅರ್ಜಿ ಇದಕ್ಕೆ ಉತ್ತರವಲ್ಲ. ಎರಡು ಮಡಿ ಅಗೆಯ ನಷ್ಟಕ್ಕೆ ಅರ್ಜಿ ಹಿಡಿದು ತಾಲೂಕು ಕೇಂದ್ರಕ್ಕೆ ನಾಲ್ಕು ಸಲ ಓಡಾಡಿದರೆ ಬಸ್ಸಿನ ಖರ್ಚೇ ನಷ್ಟವನ್ನು ಮೀರುತ್ತದೆ. ನನ್ನ ಬೇಡಿಕೆ ಇಷ್ಟು: ಬೆಟ್ಟದ ಸವಲತ್ತುಳ್ಳ ತೋಟಿಗರು ತಮ್ಮ ಊರಿನ ಗದ್ದೆ ಕಾಯುವ ಮಾಳದ ಕೂಲಿಯನ್ನು ಎಕರೆ ಲೆಕ್ಕದಲ್ಲಿ ಹಂಚಿಕೊಳ್ಳಲಿ. ಗ್ರಾಮ ಅರಣ್ಯ ಸಮಿತಿಗಳು ತಮ್ಮ ಆದಾಯದಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಡಲಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯತಿಗಳಲ್ಲಿ ರಚನೆಯಾದ ನಿರ್ವಹಣಾ ಸಮಿತಿಗಳು ದಾಖಲಾತಿಯಲ್ಲಿ ಹಕ್ಕಿಯ ಹೆಸರಿನ ಜೊತೆ ಅದು ಯಾವ ತಿಂಗಳು, ಯಾವ ಗದ್ದೆಯಲ್ಲಿ, ಎಷ್ಟು ಹಾನಿ ಮಾಡಿತೆಂಬುದನ್ನೂ ಬರೆಯಲಿ. ಕಾಲೇಜು ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಮಳೆಗಾಲದ ಕೆಲಸವಿಲ್ಲ. ಸೋಂದಾದ ಮುಂಡಿಗೆಕೆರೆಗೆ ಮಳೆಗಾಲದಲ್ಲಿ ಗೂಡು ಕಟ್ಟಲು ಬರುವ ಬೆಳ್ಳಕ್ಕಿಗಳನ್ನು ಎಣಿಸಲು ಉತ್ಸಾಹದಿಂದ ಹೋಗುವ ನೀವು, ಒಂದು ದಿನ ಗದ್ದೆಯ ಹಾಳಿಯ ಮೇಲೆ ಕುಳಿತು ತಿಂದ ಸಸಿಯನ್ನೂ ಎಣಿಸಿ.

ಹೀಗೆ ಮಾಡಿದರೆ ಹಾನಿ ಪೂರ್ತಿ ನಿಲ್ಲುವುದೆಂದು ನಾನು ಹೇಳುವುದಿಲ್ಲ. ಹತ್ತರಲ್ಲಿ ಒಂದು ಪಾಲು ಹಕ್ಕಿಗೆ ಹೋಗಲಿ ಎನ್ನುತ್ತಿದ್ದ ಹಿರಿಯರಿಗೆ ಉಳಿದ ಒಂಬತ್ತು ಪಾಲು ಮನೆಗೆ ಬರುವ ಭರವಸೆ ಇತ್ತು. ಒಂಬತ್ತು ಪಾಲು ಕಳೆದುಕೊಂಡವನಿಗೆ ಔದಾರ್ಯದ ಪಾಠ ಹೇಳಲು ನನಗೆ ಬಾಯಿ ಬರುವುದಿಲ್ಲ.

ನನ್ನನ್ನು ಕರೆಸಿದ ಆ ರೈತರು ಉಳಿದ ಸಸಿಯಲ್ಲಿ ಅರ್ಧ ಗದ್ದೆ ನಾಟಿ ಮಾಡಿದರು. ಉಳಿದರ್ಧ ಬೀಳುಬಿದ್ದಿದೆ. ಅದಕ್ಕೆ ಒಳ್ಳೆಯ ಅಡಿಕೆ ಸಸಿ ಎಲ್ಲಿ ಸಿಗಬಹುದೆಂದು ಕಳೆದ ವಾರ ಶಿರಸಿಯ ಪೇಟೆಯಲ್ಲಿ ಸಿಕ್ಕಾಗ ನನ್ನನ್ನೇ ವಿಚಾರಿಸಿದರು.